ಗಗನನೌಕೆಯಲ್ಲಿ ಸ್ತ್ರೀಯ ಸ್ಥಾನ

ನಮ್ಮ ಸಂಘದ ಆಶ್ರಯದಲ್ಲಿ ಭಾನುವಾರಗಳಂದು ಮಕ್ಕಳಿಗಾಗಿ ಕನ್ನಡ ತರಗತಿಯೊಂದು ನಡೆಯುತ್ತಿರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲೆಯಾಳ, ಪುಸ್ತಕದಲ್ಲಿ ಇಂಗ್ಲಿಷ್ ಎಂಬಂತೆ ಮೂರು ನುಡಿಗಳ ನಡುವೆ ಬೆಳೆಯುತ್ತಿರುವ ಮಕ್ಕಳು ಅಲ್ಲಿಗೆ ಬರುತ್ತಾರೆ. ೨೦೨೩ನೆಯ ಇಸವಿ ಆಗಸ್ಟ್ ೨೩ರಂದು ನಮ್ಮ ದೇಶದ ಚಂದ್ರಯಾನ–೩ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಕ್ಷೇಮವಾಗಿ ಇಳಿಯಿತಷ್ಟೆ. ಆ ಉತ್ಸಾಹವಿನ್ನೂ ಆರದಿದ್ದ ದಿನಗಳಲ್ಲಿ, "ನಾನು ಚಂದ್ರಲೋಕಕ್ಕೆ ಹೋದಾಗ" ಎಂಬ ವಿಷಯವನ್ನು ಕೊಟ್ಟು, ಒಂದೊಂದು ಕಥೆ ಬರೆದು ತರುವಂತೆ ಮಕ್ಕಳಿಗೆ ಹೇಳಿದೆನು.

ಹುಡುಗರೆಲ್ಲರೂ ತಮ್ಮ ತಮ್ಮ ನೌಕೆಗೆ ತಾವೇ ನಾಯಕರಾಗಿದ್ದರು. ಹುಡುಗಿಯರ ಪೈಕಿ ಒಬ್ಬಳ ಕಥೆಯಲ್ಲಿ ನೌಕೆಯನ್ನು ನಡೆಸಿದವನು ಅಣ್ಣ. ಮತ್ತೊಬ್ಬಳ ಕಥೆಯಲ್ಲಿ ಸೋದರಮಾವ. ಬರೆದ ಹುಡುಗಿಯಾದರೋ ನೌಕೆಯೊಳಗೆ ಎಲ್ಲರಿಗೂ ಉಪ್ಪಿಟ್ಟು ಬಡಿಸುತ್ತಿದ್ದಳು! ಅಣ್ಣನ ಕಥೆ ಬರೆದವಳು ಬಲು ಚುರುಕಿನ ಹುಡುಗಿ; ವಯಸ್ಸು ಹತ್ತು. ಭಾಷೆ ಶುದ್ಧವಾಗಿತ್ತು, ಅಕ್ಷರ ಮುತ್ತು ಪೋಣಿಸಿದಂತಿತ್ತು. ಅದನ್ನೇ ಉತ್ತಮವೆಂದು ಆರಿಸಿ ಈ ಪತ್ರಿಕೆಯ ಮಕ್ಕಳ ಪುಟಕ್ಕೆ ಕಳುಹಿಸಿದವಳು ನಾನೇ. ಸಂಚಿಕೆ ಹೊರಬಂದ ಮೇಲೆ, ಸಹಜವಾದ ಕುತೂಹಲದಿಂದ, "ನೌಕೆಯನ್ನು ನೀನೇ ಏಕೆ ನಡೆಸಲಿಲ್ಲ ಮಗು?" ಎಂದು ಕೇಳಿದೆನು. ಅವಳು ಸ್ವಲ್ಪವೂ ತಡೆಯದೆ, "ಕಥೆಯಲ್ಲಿ ಹಾಗೆಯೇ ಅಲ್ಲವೇ ಟೀಚರ್ ಇರುವುದು?" ಎಂದಳು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯ ತಪ್ಪನ್ನು ಕಾಣದೆ ಅಚ್ಚಿಗೆ ಕೊಟ್ಟವಳು ನಾನಾದುದರಿಂದ ಮನಸ್ಸಿಗೆ ಸ್ವಲ್ಪ ನಾಚಿಕೆಯೂ ಆಯಿತು. ಕಥೆಯಲ್ಲಿ ಹಾಗೆಯೇ ಇರುವುದು ನಿಜವೇ? ನಿಜವಾದರೆ ಹಾಗೆ ಇಟ್ಟವರು ಯಾರು? ಅದನ್ನು ಬದಲಾಯಿಸಲು ಯತ್ನಿಸಿದವರು ಯಾರಾದರೂ ಉಂಟೇ? ಈ ಪ್ರಶ್ನೆಗಳನ್ನು ಹಿಂಬಾಲಿಸಿ ಓದಿ ತಿಳಿದುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಮುಖ್ಯವಾಗಿ 'ಸ್ಟಾರ್ ಟ್ರೆಕ್' ಎಂಬ ಅಮೇರಿಕಾದ ಕಥಾಮಾಲೆಯೊಂದನ್ನು ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಇದು ದೂರದ ವಸ್ತುವೆಂದು ವಾಚಕರು ಪುಟ ತಿರುವಬಾರದಾಗಿ ಪ್ರಾರ್ಥನೆ. ಆ ಕಥೆಯ ಎಳೆಯೊಂದು ಬೆಂಗಳೂರಿನವರೆಗೂ ಬಂದಿದೆ. ಮತ್ತೊಂದು ಎಳೆ, ತಾವು ಈಗ ಕೈಯಲ್ಲಿ ಹಿಡಿದಿರುವ ಈ ಸೈಕ್ಲೋಸ್ಟೈಲ್ ಹಾಳೆಗೇ ಸಂಬಂಧಪಟ್ಟಿದೆ.

ಮೊದಲು ನಮ್ಮ ನೆಲದ ಮಾತನ್ನೇ ಆಡೋಣ. ೧೯೦೫ರಲ್ಲಿ, ವಯನಾಡು ಮದರಾಸು ಆಧಿಪತ್ಯದ ಮಲಬಾರ್ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಮದರಾಸು ನಗರದಿಂದ ಹೊರಡುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಕಥೆ ಪ್ರಕಟವಾಯಿತು. ಹೆಸರು 'ಸುಲ್ತಾನಳ ಕನಸು'. ಬರೆದವರು ಬಂಗಾಳದ ರುಕಿಯಾ ಸಖಾವತ್ ಹುಸೇನ್ ಎಂಬ ಮಹಿಳೆ. ಆ ಕಥೆಯ ರಾಜ್ಯದಲ್ಲಿ ಆಡಳಿತವೆಲ್ಲವೂ ಸ್ತ್ರೀಯರದು. ಗಂಡಸರೇ ಒಳಮನೆಯಲ್ಲಿ ಪರದೆಯ ಹಿಂದೆ ಇರತಕ್ಕವರು. ಅಲ್ಲಿನ ವಿದ್ಯಾಲಯಗಳ ಸ್ತ್ರೀಯರು ಮೋಡಗಳಿಂದ ನೇರವಾಗಿ ನೀರನ್ನು ಇಳಿಸಿಕೊಳ್ಳುತ್ತಾರೆ, ಸೂರ್ಯನ ಶಾಖವನ್ನು ಶೇಖರಿಸಿ ಅಡಿಗೆಗೆ ಬಳಸುತ್ತಾರೆ, ಆ ಶಾಖದಿಂದಲೇ ಶತ್ರುಸೈನ್ಯವನ್ನು ಓಡಿಸುತ್ತಾರೆ, ಗಾಳಿಯಲ್ಲಿ ಹಾರುವ ವಾಹನದಲ್ಲಿ ಸಂಚರಿಸುತ್ತಾರೆ. ರೈಟ್ ಸಹೋದರರ ವಿಮಾನ ನೆಲವನ್ನು ಬಿಟ್ಟು ಆಗ ಎರಡು ವರ್ಷ ಮಾತ್ರ ಕಳೆದಿತ್ತು!

ಕನ್ನಡದಲ್ಲಿಯೂ ಆ ಕಾಲದಲ್ಲಿ ಸ್ತ್ರೀಯರು ಸುಮ್ಮನಿರಲಿಲ್ಲ. ನಮ್ಮ ಮಾನಂದವಾಡಿಯ ಹೊಳೆ ಪನಮರದ ಹೊಳೆಯೊಡನೆ ಕೂಡಿ ಕಬಿನಿಯಾಗಿ ಪೂರ್ವಕ್ಕೆ ಹರಿದು ನಂಜನಗೂಡನ್ನು ಸೇರುತ್ತದೆ. ಆ ನಂಜನಗೂಡಿನ ತಿರುಮಲಾಂಬಾ ಅವರು (೧೮೮೭–೧೯೮೨) ಬಾಲ್ಯದಲ್ಲಿಯೇ ವಿಧವೆಯಾದವರು; ಮನೆಯಲ್ಲಿಯೇ ಓದು ಕಲಿತವರು. ೧೯೧೩ರಲ್ಲಿ ಅವರು 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿ, ತಮ್ಮ 'ಸುಶೀಲೆ' ಕಾದಂಬರಿಯನ್ನೂ ಮುಂದೆ ಇತರ ಕೃತಿಗಳನ್ನೂ ಹೊರತಂದರು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಅವರು ಬರೆದುದು ಗಗನಯಾನದ ಕಥೆಗಳನ್ನಲ್ಲ. ಆದರೂ ಇಲ್ಲಿ ಅವರನ್ನು ಸ್ಮರಿಸುವುದಕ್ಕೆ ಕಾರಣವಿದೆ. ಬರೆಯುವುದು ಮಾತ್ರವೇ ಅಲ್ಲದೆ, ಅಚ್ಚು ಮಾಡಿಸಿ ಓದುಗರಿಗೆ ಮುಟ್ಟಿಸುವ ಕಾರ್ಯವನ್ನೂ ಒಬ್ಬ ಸ್ತ್ರೀ ತನ್ನ ಕೈಗೆ ತೆಗೆದುಕೊಂಡಾಗ ಕಥೆಯ ಬಾಗಿಲು ಎಷ್ಟು ಅಗಲವಾಗಿ ತೆರೆಯುವುದೆಂಬುದಕ್ಕೆ ಅವರ ಬಾಳು ನಿದರ್ಶನವಾಗಿದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಅಮೇರಿಕಾದ ಕಡೆಗೆ ಹೊರಡೋಣ.

'ಸ್ಟಾರ್ ಟ್ರೆಕ್' ಎಂದರೆ ನಕ್ಷತ್ರಗಳ ಕಡೆಗೆ ದೀರ್ಘಯಾತ್ರೆ ಎಂದು ಅರ್ಥ. ಜೀನ್ ರಾಡೆನ್‌ಬೆರಿ ಎಂಬವರು ಟೆಲಿವಿಷನ್ನಿಗಾಗಿ ಇದನ್ನು ಕಲ್ಪಿಸಿದರು. ಮುಂಬರುವ ಶತಮಾನಗಳಲ್ಲಿ ಭೂಮಿಯ ಜನರೆಲ್ಲರೂ ಜಾತಿ, ವರ್ಣ, ರಾಷ್ಟ್ರಗಳ ಕಲಹವನ್ನು ಮರೆತು ಒಂದಾಗಿದ್ದಾರೆ. 'ಎಂಟರ್‌ಪ್ರೈಸ್' ಎಂಬ ಗಗನನೌಕೆಯು ಹೊಸ ಹೊಸ ಲೋಕಗಳನ್ನು ಕಂಡು ಬರಲು ಸಂಚರಿಸುತ್ತಿದೆ. ಇದೇ ಅದರ ಹಂದರ. ಮೊದಲ ಮಾಲೆಯು ೧೯೬೬ನೆಯ ಸೆಪ್ಟೆಂಬರ್ ೮ರಿಂದ ೧೯೬೯ನೆಯ ಜೂನ್ ೩ರವರೆಗೆ, ಒಟ್ಟು ೭೯ ಕಂತುಗಳಾಗಿ ಪ್ರಸಾರವಾಯಿತು. ಅನಂತರ ಚಲನಚಿತ್ರಗಳಾಗಿಯೂ ಹೊಸ ಮಾಲೆಗಳಾಗಿಯೂ ಅದು ಬೆಳೆಯುತ್ತ ಬಂದಿದೆ.

ಇದರ ಮಾದರಿ ಕಂತನ್ನು ೧೯೬೪ರ ಕೊನೆಯಲ್ಲಿ ಚಿತ್ರಿಸಲಾಯಿತು. ಅದರಲ್ಲಿ ನೌಕೆಯ ಎರಡನೆಯ ಅಧಿಕಾರಿಯು ಒಬ್ಬ ಸ್ತ್ರೀ. ಹೆಸರಿಲ್ಲದ ಆಕೆಯನ್ನು ಎಲ್ಲರೂ 'ನಂಬರ್ ಒನ್' ಎಂದು ಕರೆಯುತ್ತಾರೆ. ಶಾಂತಸ್ವಭಾವದವಳು, ತರ್ಕಬುದ್ಧಿಯವಳು, ನಾಯಕನು ಸೆರೆಸಿಕ್ಕಾಗ ನೌಕೆಯ ಭಾರವನ್ನು ಹೊರುವವಳು. ಪಾತ್ರವನ್ನು ವಹಿಸಿದವರು ಮೇಜಲ್ ಬ್ಯಾರೆಟ್. ಎನ್.ಬಿ.ಸಿ. ಪ್ರಸಾರಸಂಸ್ಥೆಯವರು ಆ ಕಂತನ್ನು ಒಪ್ಪದೆ ಎರಡನೆಯ ಮಾದರಿಯನ್ನು ಕೇಳಿದರು. ಅದರಲ್ಲಿ ಈ ಸ್ತ್ರೀ ಅಧಿಕಾರಿಯು ಇಲ್ಲವೇ ಇಲ್ಲ! ಆಕೆಯ ನಿರ್ವಿಕಾರ ಸ್ವಭಾವವು ಸ್ಪಾಕ್ ಎಂಬ ಪುರುಷಪಾತ್ರಕ್ಕೆ ಹೋಯಿತು. ಇದಕ್ಕೆ ಕಾರಣವೇನೆಂಬ ವಿಷಯದಲ್ಲಿ ಸಂಬಂಧಪಟ್ಟವರು ಬೇರೆ ಬೇರೆ ಹೇಳಿಕೆಗಳನ್ನು ಕೊಟ್ಟಿದ್ದಾರೆ. ಪರಿಣಾಮ ಮಾತ್ರ ಸ್ಪಷ್ಟವಾಗಿದೆ: ಮೇಜಲ್ ಬ್ಯಾರೆಟ್ ಅವರು ಮಾಲೆಗೆ ಮರಳಿ ಬಂದಾಗ ಅವರಿಗೆ ದೊರೆತುದು ನೌಕೆಯ ದಾದಿಯ ಪಾತ್ರ. ಅಧಿಕಾರಿಯಾಗಿ ಹೋದವಳು ದಾದಿಯಾಗಿ ಬಂದಳು. ದಾದಿಯ ವೃತ್ತಿ ಪೂಜ್ಯವಾದುದೇ. ಆದರೆ ಒಂದೇ ನಟಿಗೆ ಆದ ಈ ಸ್ಥಾನಪಲ್ಲಟವು ಆ ಕಾಲದ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಗಮನಿಸಬೇಕು. ಈ ಕಥೆಯು ಆರಂಭವಾಗುವುದಕ್ಕೆ ಮೂರು ವರ್ಷ ಮೊದಲೇ, ೧೯೬೩ನೆಯ ಜೂನ್ ತಿಂಗಳಲ್ಲಿ, ಸೋವಿಯತ್ ದೇಶದ ವ್ಯಾಲೆಂಟೀನಾ ಟೆರೆಷ್ಕೋವಾ ಒಬ್ಬಳೇ ಗಗನನೌಕೆಯಲ್ಲಿ ಕುಳಿತು ಭೂಮಿಯನ್ನು ಸುತ್ತಿ ಬಂದಿದ್ದಳು. ಕಲ್ಪನೆಯು ವಾಸ್ತವಕ್ಕಿಂತ ಮುಂದೆ ಓಡುವುದೆಂದು ನಾವು ಹೇಳುತ್ತೇವೆ. ಸ್ತ್ರೀಯ ವಿಷಯದಲ್ಲಿ ಕಲ್ಪನೆಯು ವಾಸ್ತವದ ಹಿಂದೆಯೇ ಕುಂಟುತ್ತಿತ್ತು!

ಹಾಗೆಂದು ಆ ಮಾಲೆಯಲ್ಲಿ ಶ್ಲಾಘ್ಯವಾದುದೇನೂ ಇರಲಿಲ್ಲವೆಂದರೆ ಅನ್ಯಾಯವಾದೀತು. ನೌಕೆಯ ಸಂಪರ್ಕಾಧಿಕಾರಿಯಾಗಿ ಉಹುರಾ ಎಂಬ ಸ್ತ್ರೀಪಾತ್ರವಿತ್ತು. ಸ್ವಾತಂತ್ರ್ಯವೆಂಬ ಅರ್ಥದ 'ಉಹುರು' ಎಂಬ ಸ್ವಾಹಿಲಿ ಶಬ್ದದಿಂದ ಹುಟ್ಟಿದ ಹೆಸರು ಅದು. ವಹಿಸಿದವರು ನಿಶೆಲ್ ನಿಕೋಲ್ಸ್ (೧೯೩೨–೨೦೨೨) ಎಂಬ ನೀಗ್ರೋ ಜನಾಂಗದ—ಈಗ ಆಫ್ರಿಕನ್ ಅಮೇರಿಕನ್ ಎಂದು ಗೌರವದಿಂದ ಹೇಳುವ—ಕಲಾವಿದೆ. ಕಪ್ಪು ಜನರ ಹಕ್ಕುಗಳಿಗಾಗಿ ಆ ದೇಶದಲ್ಲಿ ಹೋರಾಟವು ಉಗ್ರವಾಗಿದ್ದ ಕಾಲ. ಆ ಜನಾಂಗದ ಸ್ತ್ರೀಯರು ಟೆಲಿವಿಷನ್ನಿನಲ್ಲಿ ಬಹುತೇಕ ಮನೆಗೆಲಸದವರಾಗಿ ಕಾಣುತ್ತಿದ್ದ ಆ ದಿನಗಳಲ್ಲಿ, ಇವರು ಅಧಿಕಾರಿಯ ಪೀಠದಲ್ಲಿ ಕುಳಿತರು.

ಆದರೆ ಪೀಠವಿದ್ದರೂ ಕೆಲಸ ಅಲ್ಪವಾಗಿತ್ತು. ಕರೆ ಬಂದಿದೆ, ಸಂಪರ್ಕ ತೆರೆದಿದೆ ಎನ್ನುವುದರಲ್ಲಿಯೇ ಆಕೆಯ ಮಾತು ಬಹುಮಟ್ಟಿಗೆ ಮುಗಿಯುತ್ತಿತ್ತು. ಮೊದಲ ಮಾದರಿಯಲ್ಲಿ ಗಂಡಸರಂತೆಯೇ ಷರಾಯಿ ತೊಟ್ಟಿದ್ದ ಸ್ತ್ರೀಯರಿಗೆ ಈಗ ತೊಡೆಯ ಮೇಲಿನ ಗಿಡ್ಡ ಲಂಗವೇ ಸಮವಸ್ತ್ರ. ಬೇಸರಗೊಂಡ ನಿಕೋಲ್ಸ್ ಮೊದಲ ವರ್ಷದ ಕೊನೆಯಲ್ಲಿ ಬಿಟ್ಟುಹೋಗಲು ನಿಶ್ಚಯಿಸಿದರು. ಅವರೇ ಹಲವು ಬಾರಿ ಹೇಳಿರುವಂತೆ, ಆಗ ಒಂದು ಸಮಾರಂಭದಲ್ಲಿ ಭೇಟಿಯಾದ ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗ್ ಅವರು ತಾವು ಆ ಮಾಲೆಯ ಅಭಿಮಾನಿಯೆಂದೂ, ತಮ್ಮ ಮಕ್ಕಳಿಗೂ ಅದನ್ನು ನೋಡಲು ಬಿಡುವುದುಂಟೆಂದೂ ತಿಳಿಸಿ, ಆ ಸ್ಥಾನವನ್ನು ತೊರೆಯಬಾರದೆಂದು ಒತ್ತಾಯಪಡಿಸಿದರು. ಅವರು ಉಳಿದರು. ಚಿಕ್ಕ ಪಾತ್ರವೂ ನೋಡುವವರ ಕಣ್ಣಿನಲ್ಲಿ ದೊಡ್ಡದಾಗಬಲ್ಲದೆಂಬುದನ್ನು ಕಿಂಗ್ ಅವರು ಬಲ್ಲವರಾಗಿದ್ದರು.

ತೆರೆಯ ಹಿಂದೆಯೂ ಒಬ್ಬ ಸ್ತ್ರೀ ಇದ್ದರು. ಡಿ. ಸಿ. ಫಾಂಟಾನಾ (೧೯೩೯–೨೦೧೯) ಎಂಬುದು ಅವರು ಬಳಸಿದ ಹೆಸರು. ಪೂರ್ಣನಾಮ ಡೊರೊತಿ ಕ್ಯಾಥರೀನ್ ಫಾಂಟಾನಾ. ಹೆಸರಿನಿಂದ ಹೆಂಗಸೆಂದು ತಿಳಿದರೆ ಸಾಹಸಕಥೆಯ ಹಸ್ತಪ್ರತಿಯನ್ನು ಓದದೆಯೇ ಮರಳಿಸುವರೆಂಬ ಭಯದಿಂದ ಬರಿಯ ಮೊದಲಕ್ಷರಗಳನ್ನು ಇಟ್ಟುಕೊಂಡರು. ರಾಡೆನ್‌ಬೆರಿಯವರ ಕಾರ್ಯದರ್ಶಿಯಾಗಿ ಬೆರಳಚ್ಚು ಮಾಡುತ್ತಿದ್ದ ಇವರು ಕಥೆಗಳನ್ನು ಬರೆದು, ಮುಂದೆ ಆ ಮಾಲೆಯ ಕಥಾಸಂಪಾದಕರೇ ಆದರು. ೧೯೬೭ರಲ್ಲಿ ಇವರು ಚಿತ್ರಕಥೆ ಬರೆದ ಒಂದು ಕಂತಿನಲ್ಲಿ ಸ್ಪಾಕ್ ತನ್ನ ತಾಯಿ ಉಪಾಧ್ಯಾಯಿನಿಯೆಂದು ತಿಳಿಸುತ್ತಾನೆ. ಉಪಾಧ್ಯಾಯ ಬಂಧುಗಳು ಇದನ್ನು ಓದಿ ಸಂತೋಷಪಡಬಹುದು! ಅದೇ ವರ್ಷ ಸ್ಪಾಕನ ತಂದೆತಾಯಿಗಳು ನೌಕೆಗೆ ಬರುವ ಕಥೆಯನ್ನು ಬರೆದವರೂ ಇವರೇ. ಕಲ್ಲಿನಂತಿದ್ದ ಪಾತ್ರಕ್ಕೆ ತಾಯಿಯನ್ನು ಕೊಟ್ಟು, ಮನೆಯನ್ನು ಕೊಟ್ಟು, ಒಳಗಿನ ನೋವನ್ನು ಕೊಟ್ಟವರು ಹೆಸರನ್ನು ಮರೆಮಾಡಿಕೊಂಡ ಒಬ್ಬ ಸ್ತ್ರೀ.

ಮೊದಲ ಮಾಲೆಯು ಮುಗಿದ ರೀತಿಯು ಮಾತ್ರ ಖೇದಕರವಾಗಿದೆ. ೧೯೬೯ನೆಯ ಜೂನ್ ೩ರಂದು ಬಂದ ಕೊನೆಯ ಕಂತಿನಲ್ಲಿ ಜಾನಿಸ್ ಲೆಸ್ಟರ್ ಎಂಬ ವಿಜ್ಞಾನಿಯು ನೌಕೆಯ ನಾಯಕತ್ವವನ್ನು ಬಯಸಿ, ಯಂತ್ರವೊಂದರ ಸಹಾಯದಿಂದ ನಾಯಕನಾದ ಕರ್ಕನ ದೇಹದಲ್ಲಿ ಪರಕಾಯಪ್ರವೇಶ ಮಾಡುತ್ತಾಳೆ. ನಾಯಕರ ಲೋಕದಲ್ಲಿ ಸ್ತ್ರೀಯರಿಗೆ ಎಡೆಯಿಲ್ಲವೆಂಬುದೇ ಆಕೆಯ ದೂರು. ಕಥೆಯು ಆ ದೂರನ್ನು ವಿಚಾರಿಸುವುದಿಲ್ಲ; ಆಕೆಯನ್ನು ಉನ್ಮತ್ತೆಯೆಂದು ತೋರಿಸಿ ಮುಗಿಸುತ್ತದೆ. ಎಲ್ಲ ಕಲಹಗಳನ್ನೂ ಗೆದ್ದ ಭವಿಷ್ಯತ್ತಿನಲ್ಲಿಯೂ ಸ್ತ್ರೀಯ ನಾಯಕತ್ವದ ಆಸೆ ಮಾತ್ರ ಹುಚ್ಚಾಗಿಯೇ ಉಳಿಯಿತು. ನನ್ನ ಹತ್ತು ವರ್ಷದ ವಿದ್ಯಾರ್ಥಿನಿ ಈ ಕಂತನ್ನು ಕಂಡವಳಲ್ಲ. ಆದರೆ "ಕಥೆಯಲ್ಲಿ ಹಾಗೆಯೇ ಇರುವುದು" ಎಂಬ ಅವಳ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ನೋಡುಗರ ಕಡೆಗೆ ತಿರುಗೋಣ. ಈ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಭಾಗ ಅಲ್ಲಿಯೇ ಇದೆ. ಗಗನಯಾನದ ಕಥೆಗಳೆಂದರೆ ಹುಡುಗರ ಮತ್ತು ಗಂಡಸರ ವಿನೋದವೆಂದು ಸಾಮಾನ್ಯವಾಗಿ ತಿಳಿದಿದ್ದರು. 'ಸ್ಟಾರ್ ಟ್ರೆಕ್' ಅಭಿಮಾನಿಗಳನ್ನು ಒಟ್ಟುಗೂಡಿಸಿ, ಪತ್ರಿಕೆ ನಡೆಸಿ, ಸಮ್ಮೇಳನ ಕೂಡಿಸಿದವರಲ್ಲಿ ಸ್ತ್ರೀಯರೇ ಮುಂದಾಗಿದ್ದರು. ೧೯೬೭–೬೮ರ ಚಳಿಗಾಲದಲ್ಲಿ ಮಾಲೆಯನ್ನು ಎರಡನೆಯ ವರ್ಷಕ್ಕೇ ನಿಲ್ಲಿಸುವರೆಂಬ ವಾರ್ತೆ ಹಬ್ಬಿತು. ಆಗ ಬಿಜೋ ಟ್ರಿಂಬಲ್ ಎಂಬ ಮಹಿಳೆಯು ತನ್ನ ಪತಿಯೊಡನೆ ಸೇರಿ ಪತ್ರ ಚಳವಳಿಯನ್ನು ಆರಂಭಿಸಿದಳು. ಪತ್ರವನ್ನು ಹೇಗೆ ಬರೆಯಬೇಕು, ಯಾರಿಗೆ ಬರೆಯಬೇಕು ಎಂಬ ಸೂಚನೆಯನ್ನು ಅಭಿಮಾನಿಗಳಿಗೆ ಕಳುಹಿಸಿ, ಪ್ರತಿಯೊಬ್ಬರೂ ಇನ್ನಷ್ಟು ಜನರಿಗೆ ತಿಳಿಸುವಂತೆ ಕೇಳಿಕೊಂಡಳು. ಲಕ್ಷಕ್ಕೂ ಮೀರಿ ಪತ್ರಗಳು ಬಂದು ಬಿದ್ದವು. ೧೯೬೮ನೆಯ ಮಾರ್ಚ್ ೧ರಂದು, ಮಾಲೆಯು ಮುಂದುವರಿಯುವುದೆಂದು ಸಂಸ್ಥೆಯವರು ಪ್ರಸಾರದಲ್ಲಿಯೇ ಸಾರಬೇಕಾಯಿತು. ಅಂಚೆಯ ಚೀಟಿಯೂ ಒಂದು ಹಾಳೆಯೂ ಏನನ್ನು ಸಾಧಿಸಬಲ್ಲವೆಂಬುದನ್ನು ಮಕ್ಕಳಿಗೆ ಹೇಳಬೇಕಾದಾಗ ನಾನು ಈ ಪ್ರಸಂಗವನ್ನು ಹೇಳುತ್ತೇನೆ.

ಇದಕ್ಕೂ ಮೊದಲು, ೧೯೬೭ರ ಸೆಪ್ಟೆಂಬರಿನಲ್ಲಿ, ದೇವ್ರಾ ಲಾಂಗ್‌ಸಾಮ್ ಮತ್ತು ಶೆರ್ನಾ ಕಮರ್‌ಫರ್ಡ್ ಎಂಬ ಇಬ್ಬರು ತರುಣಿಯರು 'ಸ್ಪಾಕೆನೇಲಿಯಾ' ಎಂಬ ಪತ್ರಿಕೆಯನ್ನು ಹೊರಡಿಸಿದ್ದರು. 'ಸ್ಟಾರ್ ಟ್ರೆಕ್' ಒಂದಕ್ಕೇ ಮೀಸಲಾದ ಮೊದಲ ಅಭಿಮಾನಿ ಪತ್ರಿಕೆ ಅದು. ಲಾಂಗ್‌ಸಾಮ್ ವೃತ್ತಿಯಿಂದ ಗ್ರಂಥಪಾಲಿಕೆ. ಅದರ ಬೆನ್ನಿಗೇ ಹತ್ತಾರು ಪತ್ರಿಕೆಗಳು ಹುಟ್ಟಿದವು. ಅವು ಹೇಗೆ ತಯಾರಾಗುತ್ತಿದ್ದವೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ರಿಬ್ಬನ್ನಿಲ್ಲದೆ ಬೆರಳಚ್ಚು ಮಾಡುವುದು, ತಪ್ಪಿದ ಅಕ್ಷರಕ್ಕೆ ಕೆಂಪು ದ್ರವ ಹಚ್ಚಿ ಆರಿದ ಮೇಲೆ ತಿದ್ದುವುದು, ಮಸಿಯ ಉರುಳೆಗೆ ಹೊದಿಸಿ ಕೈ ತಿರುಗಿಸುವುದು, ಹಾಳೆಗಳನ್ನು ನೆಲದ ಮೇಲೆ ಸಾಲಾಗಿಟ್ಟು ಒಂದೊಂದಾಗಿ ಜೋಡಿಸಿ ಪಿನ್ನು ಹೊಡೆಯುವುದು—ನಾವು ಇಲ್ಲಿ ಮಾಡುತ್ತಿರುವುದೇ ಅಲ್ಲಿಯೂ ನಡೆಯಿತು. ಕಾಗದ, ಅಂಚೆ ಇವುಗಳ ಖರ್ಚು ಹುಟ್ಟಿದರೆ ಸಾಕೆಂದು ಮಾರುತ್ತಿದ್ದರು. ಬೆರಳಿಗೆ ಹತ್ತಿದ ಮಸಿ ಸೋಪಿನಲ್ಲಿಯೂ ಹೋಗದೆಂಬ ಸತ್ಯವು ನ್ಯೂಯಾರ್ಕಿಗೂ ಮಾನಂದವಾಡಿಗೂ ಸಮಾನವಾದುದು!

ಅಲ್ಲಿಯವರೆಗೆ ಬೆರಳಚ್ಚು ಯಂತ್ರದ ಮುಂದೆ ಹೆಂಗಸು ಕುಳಿತರೆ ಗಂಡಸು ಹೇಳಿದುದನ್ನು ಬರೆದುಕೊಳ್ಳುವುದಕ್ಕೆ ಎಂಬುದು ಕಛೇರಿಗಳ ರೂಢಿ. ಈ ಸ್ತ್ರೀಯರು ಅದೇ ಯಂತ್ರದ ಮುಂದೆ ಕುಳಿತು ತಮಗೆ ಬೇಕಾದ ಕಥೆಗಳನ್ನು ಬರೆದರು. ತೆರೆಯ ಮೇಲೆ ನಾಲ್ಕು ಮಾತಿನಲ್ಲಿ ಮುಗಿದುಹೋದ ಸ್ತ್ರೀಪಾತ್ರಗಳಿಗೆ ಬಾಲ್ಯವನ್ನೂ ವಿದ್ಯೆಯನ್ನೂ ಸಾಹಸವನ್ನೂ ಕೊಟ್ಟರು; ತೆರೆಯ ಮೇಲೆ ಇಲ್ಲದ ಸ್ತ್ರೀ ಅಧಿಕಾರಿಗಳನ್ನು ಹೊಸದಾಗಿ ಸೃಷ್ಟಿಸಿದರು. ೧೯೭೨ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ದೊಡ್ಡ ಅಭಿಮಾನಿ ಸಮ್ಮೇಳನ ಸೇರಿತು. ವ್ಯವಸ್ಥಾಪಕರಲ್ಲಿ ಲಾಂಗ್‌ಸಾಮ್, ಜೋನ್ ವಿನ್‌ಸ್ಟನ್ ಮೊದಲಾದ ಸ್ತ್ರೀಯರೇ ಪ್ರಮುಖರು. ಕೆಲವು ನೂರು ಜನರು ಬರಬಹುದೆಂದು ನಿರೀಕ್ಷಿಸಿದ್ದ ಅಲ್ಲಿಗೆ ಮೂರು ಸಾವಿರಕ್ಕೂ ಹೆಚ್ಚು ಜನ ನುಗ್ಗಿದರು. ನಿಂತುಹೋಗಿದ್ದ ಮಾಲೆಯು ಮುಂದೆ ಮತ್ತೆ ಜೀವ ತಳೆಯುವುದಕ್ಕೆ ಇಂತಹ ಅಭಿಮಾನವೂ ಒಂದು ಕಾರಣವಾಯಿತು.

ಸ್ತ್ರೀಯರು ಬರೆದುದೆಲ್ಲವೂ ಉತ್ತಮವಾಗಿತ್ತೆಂದು ಹೇಳಲಾಗದು. ಆ ಮಾತನ್ನು ಮೊದಲು ಹೇಳಿದವರೂ ಸ್ತ್ರೀಯರೇ. ೧೯೭೩ರಲ್ಲಿ ಪೌಲಾ ಸ್ಮಿತ್ ಎಂಬವರು ತಮ್ಮ ಅಭಿಮಾನಿ ಪತ್ರಿಕೆಯಲ್ಲಿ ಅಣಕದ ಕಥೆಯೊಂದನ್ನು ಬರೆದರು. ಅದರ ನಾಯಿಕೆ ಮೇರಿ ಸೂ, ವಯಸ್ಸು ಹದಿನೈದೂವರೆ, ಅಷ್ಟರಲ್ಲಿಯೇ ಗಗನಪಡೆಯ ಅತ್ಯಂತ ಕಿರಿಯ ಅಧಿಕಾರಿ! ಆಕೆಗೆ ಬಾರದ ವಿದ್ಯೆಯಿಲ್ಲ, ಮೆಚ್ಚದ ಗಂಡಸಿಲ್ಲ. ಕೊನೆಗೆ ಎಲ್ಲರೂ ಕಣ್ಣೀರಿಡುವಂತೆ ಸಾಯುತ್ತಾಳೆ. ಹೊಸ ಬರೆಹಗಾರ್ತಿಯರು ತಮ್ಮನ್ನೇ ಸರ್ವಗುಣಸಂಪನ್ನೆಯಾಗಿ ಚಿತ್ರಿಸಿಕೊಳ್ಳುವುದನ್ನು ಕಂಡು ಮಾಡಿದ ಹಾಸ್ಯ ಅದು. ಅಂದಿನಿಂದ 'ಮೇರಿ ಸೂ' ಎಂಬುದು ವಿಮರ್ಶೆಯ ಪಾರಿಭಾಷಿಕ ಶಬ್ದವೇ ಆಗಿಹೋಗಿದೆ. ಆದರೆ ಕಾಲಕ್ರಮದಲ್ಲಿ ಇದನ್ನು ಯಾವ ಸಮರ್ಥ ಸ್ತ್ರೀಪಾತ್ರದ ಮೇಲಾದರೂ ಎಸೆಯುವ ಕಲ್ಲನ್ನಾಗಿ ಮಾಡಿಕೊಂಡವರೂ ಉಂಟು. ಹಾರಿ ಬಾಣವೆಸೆಯುವ, ಹತ್ತು ಜನರನ್ನು ಒಬ್ಬನೇ ಹೊಡೆಯುವ ನಾಯಕನನ್ನು ಸಾವಿರ ಕಥೆಗಳಲ್ಲಿ ಒಪ್ಪಿಕೊಂಡವರು, ನಾಯಿಕೆ ಅಷ್ಟನ್ನೇ ಮಾಡಿದರೆ ಅಸಂಭವವೆನ್ನುವುದು ನ್ಯಾಯವೇ? ಉಪಾಧ್ಯಾಯರಾದ ನಾವು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಹುಡುಗಿಯೊಬ್ಬಳು ಮೊದಲ ಬಾರಿಗೆ ತನ್ನನ್ನು ನಾಯಿಕೆಯಾಗಿ ಬರೆದುಕೊಂಡಾಗ ಅದು ಅತಿಯಾಗಿಯೇ ಇರುತ್ತದೆ. ಅತಿಯನ್ನು ಮುಂದೆ ತಿದ್ದಬಹುದು. ಬರೆಯದೆಯೇ ಇದ್ದುದನ್ನು ತಿದ್ದುವುದೆಂತು?

ನಮ್ಮ ದೇಶದ ಒಬ್ಬ ನಟಿಯೂ ಈ ನೌಕೆಯನ್ನು ಏರಿದುದುಂಟು. ಮುಂಬಯಿಯ ಪರ್ಸಿಸ್ ಖಂಬಾಟಾ (೧೯೪೮–೧೯೯೮) ೧೯೬೫ರಲ್ಲಿ ಭಾರತಸುಂದರಿಯೆನಿಸಿದ್ದವರು. ೧೯೭೯ರಲ್ಲಿ ತೆರೆಕಂಡ ಮೊದಲ 'ಸ್ಟಾರ್ ಟ್ರೆಕ್' ಚಲನಚಿತ್ರದಲ್ಲಿ ಅವರದು ಐಲಿಯಾ ಎಂಬ ಅನ್ಯಗ್ರಹದ ಸ್ತ್ರೀಯ ಪಾತ್ರ. ನೌಕೆಯ ಮಾರ್ಗದರ್ಶನವೇ ಆಕೆಯ ಅಧಿಕಾರ. ಇದಕ್ಕಾಗಿ ಅವರು ತಲೆಯನ್ನು ನುಣ್ಣಗೆ ಬೋಳಿಸಿಕೊಂಡರು. ಸೌಂದರ್ಯವೆಂದರೆ ಕೇಶರಾಶಿಯೆಂದು ನಂಬಿದ ನಮ್ಮ ದೇಶದಿಂದ ಹೋದ ಹೆಣ್ಣುಮಗಳಿಗೆ ಇದು ಸಾಮಾನ್ಯ ಧೈರ್ಯವಲ್ಲ. ಆದರೆ ಕಥೆಯಲ್ಲಿ ಐಲಿಯಾ ಬಹುಬೇಗ ಇಲ್ಲವಾಗುತ್ತಾಳೆ. ಆಕೆಯ ರೂಪವನ್ನು ಧರಿಸಿದ ಯಂತ್ರವೊಂದು ಬಂದು, ಅನ್ಯರ ಮಾತನ್ನು ಆಕೆಯ ಬಾಯಿಂದ ಆಡುತ್ತದೆ. ಗೌರವದ ಸ್ಥಾನವನ್ನು ಕೊಟ್ಟು ಸ್ವಂತ ಮಾತನ್ನು ಕಿತ್ತುಕೊಳ್ಳುವ ಹಳೆಯ ಪದ್ಧತಿ ಇಲ್ಲಿಯೂ ತಪ್ಪಲಿಲ್ಲ.

ಕಡೆಗೂ ೧೯೯೫ನೆಯ ಜನವರಿಯಲ್ಲಿ ಆರಂಭವಾದ 'ವಾಯೇಜರ್' ಎಂಬ ಮಾಲೆಯಲ್ಲಿ ಕ್ಯಾಥರಿನ್ ಜೇನ್‌ವೇ ಎಂಬ ಸ್ತ್ರೀ ನೌಕೆಯ ನಾಯಿಕೆಯಾಗಿ, ಇಡೀ ಕಥೆಯ ಕೇಂದ್ರವಾಗಿ ಬಂದಳು. ಪಾತ್ರವನ್ನು ವಹಿಸಿದವರು ಕೇಟ್ ಮಲ್‌ಗ್ರೂ. ಮಾಲೆಯನ್ನು ಕಲ್ಪಿಸಿದ ಮೂವರಲ್ಲಿ ಜೆರಿ ಟೇಲರ್ ಎಂಬವರು ಸ್ತ್ರೀ. ಮನೆಯಿಂದ ಎಪ್ಪತ್ತೈದು ವರ್ಷಗಳ ಪ್ರಯಾಣದಷ್ಟು ದೂರಕ್ಕೆ ಎಸೆಯಲ್ಪಟ್ಟ ನೌಕೆಯನ್ನು ಮರಳಿ ತರುವ ಭಾರ ಈ ನಾಯಿಕೆಯದು. ಏಳು ವರ್ಷ ಆ ಕಥೆ ನಡೆಯಿತು. ೧೯೬೯ರಲ್ಲಿ ಹುಚ್ಚೆನಿಸಿದ ಆಸೆಯು ೧೯೯೫ರಲ್ಲಿ ಸಹಜವೆನಿಸಲು ಇಪ್ಪತ್ತಾರು ವರ್ಷ ಬೇಕಾದವು. ಅಷ್ಟಾದರೂ ೧೯೯೭ರಲ್ಲಿ ಅದೇ ನೌಕೆಗೆ ಬಂದ ಮತ್ತೊಬ್ಬ ಸ್ತ್ರೀಪಾತ್ರಕ್ಕೆ ಮೈಗಂಟಿದ ಉಡುಪನ್ನು ತೊಡಿಸಿ ನೋಟಕರನ್ನು ಸೆಳೆಯಲು ಯತ್ನಿಸಿದುದನ್ನು ಮರೆಯಲಾಗದು. ೨೦೧೭ರಿಂದ ೨೦೨೪ರವರೆಗೆ ಬಂದ 'ಡಿಸ್ಕವರಿ' ಮಾಲೆಯಲ್ಲಿ ಕಪ್ಪು ಜನಾಂಗದ ಸ್ತ್ರೀಯೇ ಪ್ರಧಾನಪಾತ್ರವಾದಾಗ ಅಭಿಮಾನಿಗಳಲ್ಲಿಯೇ ಕೆಲವರು ಕೋಪಗೊಂಡರು. ಬಾಗಿಲು ಒಮ್ಮೆ ತೆರೆದರೆ ತೆರೆದೇ ಇರುವುದೆಂಬ ಭರವಸೆಯಿಲ್ಲ.

ಕಥೆಯಲ್ಲಿ ಯಾರು ನೌಕೆ ನಡೆಸಿದರೇನು, ಬಾಳಿನಲ್ಲಿ ಅದರಿಂದ ಆಗುವುದೇನೆಂದು ಕೆಲವರು ಕೇಳಬಹುದು. ಇದಕ್ಕೆ ಚರಿತ್ರೆಯೇ ಉತ್ತರ ಕೊಡುತ್ತದೆ. ನಿಶೆಲ್ ನಿಕೋಲ್ಸ್ ಅವರು ೧೯೭೭ರಲ್ಲಿ ಅಮೇರಿಕಾದ ಗಗನಸಂಸ್ಥೆಯಾದ ನಾಸಾದ ಪರವಾಗಿ ಊರೂರು ತಿರುಗಿ, ಸ್ತ್ರೀಯರೂ ಕಪ್ಪು ಜನರೂ ಗಗನಯಾತ್ರಿಗಳಾಗಲು ಅರ್ಜಿ ಹಾಕುವಂತೆ ಕರೆಕೊಟ್ಟರು. ೧೯೭೮ರ ಜನವರಿಯಲ್ಲಿ ಆಯ್ಕೆಯಾದ ೩೫ ಜನರಲ್ಲಿ ಆರು ಮಂದಿ ಸ್ತ್ರೀಯರಿದ್ದರು; ಆ ದೇಶದಲ್ಲಿ ಸ್ತ್ರೀಯರು ಆಯ್ಕೆಯಾದುದು ಅದೇ ಮೊದಲು. ಅವರಲ್ಲೊಬ್ಬಳಾದ ಸ್ಯಾಲಿ ರೈಡ್ ೧೯೮೩ರಲ್ಲಿ 'ಚಾಲೆಂಜರ್' ನೌಕೆಯಲ್ಲಿ ಹೋಗಿಬಂದಳು. ೧೯೯೨ರ ಸೆಪ್ಟೆಂಬರಿನಲ್ಲಿ ಗಗನಕ್ಕೇರಿದ ಮೊದಲ ಕಪ್ಪು ಸ್ತ್ರೀ, ವೈದ್ಯೆ ಮೇ ಜೆಮಿಸನ್, ಬಾಲ್ಯದಲ್ಲಿ ಉಹುರಾಳನ್ನು ನೋಡಿ ಬೆಳೆದವಳು. ಮರುವರ್ಷ 'ಸ್ಟಾರ್ ಟ್ರೆಕ್'ನ ಒಂದು ಕಂತಿನಲ್ಲಿ ಆಕೆಯೇ ಚಿಕ್ಕ ಪಾತ್ರವೊಂದನ್ನು ವಹಿಸಿದಳು. ಕಥೆಯಿಂದ ಗಗನಕ್ಕೆ ಹೋದವಳು ಗಗನದಿಂದ ಕಥೆಗೆ ಮರಳಿದಳು!

ಇನ್ನು ಆರಂಭದಲ್ಲಿ ಹೇಳಿದ ಬೆಂಗಳೂರಿನ ಎಳೆ. ೧೯೮೦ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿಯೂ 'ಸ್ಟಾರ್ ಟ್ರೆಕ್' ಪ್ರಸಾರವಾಗುತ್ತಿತ್ತು. ಬೆಂಗಳೂರಿನ ಇಸ್ರೋ ಸಂಸ್ಥೆಯ ವಿಜ್ಞಾನಿ ಶ್ರೀಮತಿ ನಂದಿನಿ ಹರಿನಾಥ್ ಅವರು, ವಿಜ್ಞಾನದೊಡನೆ ತಮ್ಮ ಮೊದಲ ಪರಿಚಯವಾದುದೇ ಟೆಲಿವಿಷನ್ನಿನ 'ಸ್ಟಾರ್ ಟ್ರೆಕ್'ನಿಂದ ಎಂದು ೨೦೧೬ರಲ್ಲಿ ಬಿ.ಬಿ.ಸಿ.ಯವರಿಗೆ ತಿಳಿಸಿದ್ದಾರೆ. ತಾಯಿ ಗಣಿತದ ಉಪಾಧ್ಯಾಯಿನಿ, ತಂದೆ ಇಂಜಿನಿಯರ್. ಮನೆಮಂದಿಯೆಲ್ಲರೂ ಒಟ್ಟಿಗೆ ಕುಳಿತು ಆ ಕಥೆಗಳನ್ನು ನೋಡುತ್ತಿದ್ದರಂತೆ. ಸ್ಪಾಕನ ತಾಯಿಯಂತೆ ಇವರ ತಾಯಿಯೂ ಉಪಾಧ್ಯಾಯಿನಿ! ೨೦೧೩ನೆಯ ನವೆಂಬರ್ ೫ರಂದು ಹೊರಟ ಮಂಗಳಯಾನದಲ್ಲಿ ಇವರು ಕಾರ್ಯಾಚರಣೆಯ ಉಪನಿರ್ದೇಶಕರಾಗಿದ್ದರು. ೨೦೧೪ನೆಯ ಸೆಪ್ಟೆಂಬರ್ ೨೪ರಂದು ಆ ನೌಕೆಯು ಮಂಗಳನ ಕಕ್ಷೆಯನ್ನು ಸೇರಿತು. ಮೊದಲ ಯತ್ನದಲ್ಲಿಯೇ ಇದನ್ನು ಸಾಧಿಸಿದ ಹಿರಿಮೆ ನಮ್ಮ ದೇಶದ್ದಾಯಿತು.

ಆ ದಿನ ತೆಗೆದ ಒಂದು ಛಾಯಾಚಿತ್ರ ಜಗತ್ತನ್ನೆಲ್ಲ ಸುತ್ತಿತು. ಬೆಂಗಳೂರಿನ ಕೇಂದ್ರದಲ್ಲಿ ರೇಷ್ಮೆಯ ಸೀರೆಯುಟ್ಟು, ಮಲ್ಲಿಗೆ ಮುಡಿದ ಸ್ತ್ರೀಯರು ಒಬ್ಬರನ್ನೊಬ್ಬರು ಅಪ್ಪಿ ನಗುತ್ತಿರುವ ಚಿತ್ರ. ಇವರೇ ಮಂಗಳಯಾನದ ವಿಜ್ಞಾನಿಗಳೆಂದು ಎಲ್ಲರೂ ಕೊಂಡಾಡಿದರು. ಅವರು ಕಛೇರಿಯ ಆಡಳಿತವಿಭಾಗದ ನೌಕರರೆಂದು ಇಸ್ರೋ ಆಮೇಲೆ ಸ್ಪಷ್ಟಪಡಿಸಿತು; ಆ ಯಾನದಲ್ಲಿ ದುಡಿದ ಸ್ತ್ರೀ ವಿಜ್ಞಾನಿಗಳು ನಿಜವಾಗಿಯೂ ಹಲವರು ಇದ್ದಾರೆಂಬುದನ್ನೂ ತಿಳಿಸಿತು. ಈ ಪ್ರಸಂಗವನ್ನು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಚಿತ್ರದ ವಿವರಣೆ ತಪ್ಪಿತ್ತು. ಆದರೆ ಅದನ್ನು ನಂಬಲು ಜಗತ್ತು ಸಿದ್ಧವಾಗಿತ್ತು. ಐವತ್ತು ವರ್ಷಗಳ ಹಿಂದೆ 'ನಂಬರ್ ಒನ್' ಎಂಬ ಕಲ್ಪಿತ ಸ್ತ್ರೀಯನ್ನು ಕಥೆಯಲ್ಲಿಯೂ ಇಟ್ಟುಕೊಳ್ಳದ ಜಗತ್ತು ಇದೇ ಅಲ್ಲವೇ? ಈ ಐವತ್ತು ವರ್ಷಗಳಲ್ಲಿ ಜನರ ಕಣ್ಣನ್ನು ಪಳಗಿಸಿದವರಲ್ಲಿ ಉಹುರಾ ಪಾತ್ರದ ನಿಕೋಲ್ಸ್ ಇದ್ದಾರೆ, ಹೆಸರು ಮರೆಸಿಕೊಂಡ ಫಾಂಟಾನಾ ಇದ್ದಾರೆ, ಮಸಿಗೈಯ ಲಾಂಗ್‌ಸಾಮ್ ಇದ್ದಾರೆ. ನಿಜವಾದ ವಿಜ್ಞಾನಿಯ ಮುಖವನ್ನು ಹುಡುಕಿ ತೋರಿಸುವ ಕೆಲಸ ಮಾತ್ರ ಇನ್ನೂ ನಮ್ಮ ಪಾಲಿಗೆ ಉಳಿದಿದೆ.

ಮರಳಿ ನಮ್ಮ ತರಗತಿಗೆ ಬರೋಣ. ಮೇಲೆ ಹೇಳಿದ ಕಥೆಗಳಲ್ಲಿ ಕೆಲವನ್ನು ನಾನು ಮಕ್ಕಳಿಗೆ ಹೇಳಿದೆನು. ಬಳಿಕ ಆ ಹುಡುಗಿಯನ್ನು ಕರೆದು, ಅಚ್ಚಾದ ಕಥೆಯನ್ನು ಮತ್ತೊಮ್ಮೆ ಬರೆಯುವೆಯಾ ಎಂದು ಕೇಳಿದೆನು. ಅವಳು ಒಪ್ಪಲಿಲ್ಲ. "ಅದು ಅಣ್ಣನ ಕಥೆ ಟೀಚರ್, ಅದು ಹಾಗೆಯೇ ಇರಲಿ. ನನ್ನದನ್ನು ಬೇರೆ ಬರೆಯುತ್ತೇನೆ" ಎಂದಳು. ಎರಡು ವಾರಗಳ ಮೇಲೆ ತಂದುಕೊಟ್ಟಳು. ಅದರಲ್ಲಿ ಅವಳು ಒಬ್ಬಳೇ ಏಳು ಗ್ರಹಗಳನ್ನು ಸುತ್ತುತ್ತಾಳೆ, ಹನ್ನೆರಡು ಭಾಷೆಗಳನ್ನು ಆಡುತ್ತಾಳೆ, ರಾಕ್ಷಸರನ್ನು ಸೋಲಿಸುತ್ತಾಳೆ. ಕೊನೆಗೆ ಹಸಿವಾದಾಗ ಉಪ್ಪಿಟ್ಟನ್ನು ಅಣ್ಣನು ಮಾಡಿ ಬಡಿಸುತ್ತಾನೆ! ಅತಿಯೆಂದರೆ ಅತಿಯೇ. ಕಾಗುಣಿತದ ತಪ್ಪುಗಳನ್ನು ಮಾತ್ರ ತಿದ್ದಿ, ಉಳಿದುದನ್ನು ಇದ್ದಂತೆಯೇ ಸ್ಟೆನ್ಸಿಲ್ ಹಾಳೆಗೆ ಇಳಿಸಿದ್ದೇನೆ. ಈ ಸಂಚಿಕೆಯ ಮಕ್ಕಳ ಪುಟದಲ್ಲಿ ವಾಚಕರು ಅದನ್ನು ಓದಬಹುದು.

ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ತರಗತಿಯ ಹುಡುಗಿಯರು ಬರೆದ ಕಥೆಗಳಲ್ಲಿ ನೌಕೆಯನ್ನು ಯಾರು ನಡೆಸುತ್ತಿದ್ದಾರೆಂಬುದನ್ನು ಒಮ್ಮೆ ನೋಡಿರಿ. ಅಂಕವನ್ನು ಆಮೇಲೆ ಕೊಡಬಹುದು.